ದೂರದರ್ಶನವೂ ಮಕ್ಕಳ ಮುಂದಿನ ಉದ್ಯೋಗವೂ

ದೂರದರ್ಶನದ ಪೆಟ್ಟಿಗೆಯು ಮಕ್ಕಳ ಬುದ್ಧಿಯನ್ನು ಕೆಡಿಸುವುದೆಂಬ ಮಾತು ನಮ್ಮ ವಿದ್ಯಾವಂತರ ಮನೆಗಳಲ್ಲಿ ವೇದವಾಕ್ಯದಂತೆ ನಡೆದುಬಂದಿದೆ. ಕಣ್ಣು ನೋಯುವುದು, ಪಾಠ ಹಿಂದೆ ಬೀಳುವುದು ಮೊದಲಾದ ಆಕ್ಷೇಪಗಳನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಆ ಪೆಟ್ಟಿಗೆಯನ್ನು ನೋಡಿ ಮಗುವು ಮುಂದೆ ತಾನೇನಾಗಬೇಕೆಂದು ನಿಶ್ಚಯಿಸಿಕೊಂಡರೆ ಅದು ಬರಿಯ ಹುಡುಗಾಟವೆಂದು ನಗುವವರ ಪಕ್ಷವನ್ನು ನಾನು ಒಪ್ಪಲಾರೆ.

1989ರಲ್ಲಿ ದೆಹಲಿಯ ದೂರದರ್ಶನವು ‘ಉಡಾನ್’ ಎಂಬ ಹಿಂದೀ ಧಾರಾವಾಹಿಯನ್ನು ಆರಂಭಿಸಿತು. ಅನ್ಯಾಯಕ್ಕೆ ಗುರಿಯಾದ ಮನೆತನವೊಂದರ ಮಗಳಾದ ಕಲ್ಯಾಣಿಯು ಓದಿ, ಪರೀಕ್ಷೆಯಲ್ಲಿ ಗೆದ್ದು, ಪೊಲೀಸು ಅಧಿಕಾರಿಯಾಗುವುದೇ ಅದರ ಕಥೆ. ಅದನ್ನು ಬರೆದು, ನಿರ್ದೇಶಿಸಿ, ಕಥಾನಾಯಿಕೆಯ ಪಾತ್ರವನ್ನೂ ವಹಿಸಿದವರು ಕವಿತಾ ಚೌಧರಿಯವರು. ಅದಕ್ಕೆ ಮುಂಚೆ ಸರ್ಫ್ ಪುಡಿಯ ಜಾಹೀರಾತಿನಲ್ಲಿ ಕಾಸಿಗೆ ಕಾಸು ಲೆಕ್ಕಹಾಕುವ ಲಲಿತಾಜಿಯಾಗಿ ಮನೆಮನೆಗೂ ಪರಿಚಿತರಾಗಿದ್ದವರು. (ಒಂದೇ ಮುಖವು ಗೃಹಿಣಿಗೂ ಅಧಿಕಾರಿಣಿಗೂ ಒಪ್ಪಿತೆಂಬುದನ್ನು ವಾಚಕರು ಮರೆಯದಿರಲಿ.) ಕಥೆಯು ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ಅದಕ್ಕೆ ಆಧಾರ ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯರ ಜೀವನ. ಕಿರಣ್ ಬೇಡಿಯವರ ತರುವಾಯ 1973ರಲ್ಲಿ ಭಾರತೀಯ ಪೊಲೀಸ್ ಸೇವೆಯನ್ನು ಸೇರಿದ ಎರಡನೆಯ ಮಹಿಳೆ ಆಕೆ. 2004ರಲ್ಲಿ ಉತ್ತರಾಖಂಡದಲ್ಲಿ ಪೊಲೀಸ್ ಮಹಾನಿರ್ದೇಶಕರಾಗಿ, ಯಾವುದೇ ರಾಜ್ಯದಲ್ಲಿ ಆ ಪದವಿಗೇರಿದ ಮೊದಲ ಮಹಿಳೆಯೆನಿಸಿದರು.

ಇಂಥ ಹೆಂಗಸರ ಹೆಸರು ವೃತ್ತಪತ್ರಿಕೆ ಓದುವ ಹಿರಿಯರಿಗೆ ಗೊತ್ತಿದ್ದಿರಬಹುದು. ಹತ್ತು ವರ್ಷದ ಹುಡುಗಿಗೆ ಹೆಸರು ಸಾಲದು. ತನ್ನಂಥವಳೇ ಒಬ್ಬಳು ದೀಪದ ಮುಂದೆ ಕುಳಿತು ಓದುವುದನ್ನೂ, ತಂದೆಯೊಡನೆ ಮಾತನಾಡುವುದನ್ನೂ, ಸಮವಸ್ತ್ರ ತೊಟ್ಟು ನಡೆಯುವುದನ್ನೂ ಅವಳು ಕಣ್ಣಾರೆ ಕಾಣಬೇಕು. ಕಲ್ಯಾಣಿಯನ್ನು ನೋಡಿಯೇ ತಾವು ಪೊಲೀಸು ಕೆಲಸಕ್ಕೆ ಮನಸ್ಸು ಮಾಡಿದೆವೆಂದು ಹೇಳಿದ ಅಧಿಕಾರಿಣಿಯರು ನಮ್ಮ ದೇಶದಲ್ಲಿದ್ದಾರೆ. ನೋಡಿದವರೆಲ್ಲರೂ ಅಧಿಕಾರಿಗಳಾದರೇನೆಂದು ಕೇಳುವಿರೋ? ಪುಸ್ತಕಭಂಡಾರಕ್ಕೆ ಹೋದವರೆಲ್ಲರೂ ಕವಿಗಳಾದರೆ? ಆ ಕಾರಣದಿಂದ ಭಂಡಾರಕ್ಕೆ ಯಾರೂ ಬೀಗ ಹಾಕಲಿಲ್ಲವಷ್ಟೆ.

ಹಂಬಲವು ಮೊದಲೇ ಇದ್ದವರಿಗೆ ದೂರದರ್ಶನವು ಕೊಟ್ಟದ್ದೇನು ಎಂಬುದು ಇನ್ನೊಂದು ಆಕ್ಷೇಪ. ಇದು ತಕ್ಕಮಟ್ಟಿಗೆ ಬಲವುಳ್ಳದ್ದು. ಇದಕ್ಕೆ ಉತ್ತರ ಅಮೆರಿಕೆಯಲ್ಲಿದೆ. ಶಿಕಾಗೊ ನಗರದಲ್ಲಿ ಬೆಳೆದ ಮೇ ಜೆಮಿಸನ್ ಎಂಬ ಕರಿಯ ಬಾಲಕಿಗೆ ಬಾಹ್ಯಾಕಾಶಕ್ಕೆ ಹೋಗುವ ಆಸೆ ತಾನಾಗಿಯೇ ಇದ್ದಿತು. ಆದರೆ ಆಗ ಆ ದೇಶದ ಗಗನಯಾತ್ರಿಗಳಲ್ಲಿ ಹೆಂಗಸೆಂಬವಳೇ ಇರಲಿಲ್ಲ. 1966ರಿಂದ 1969ರವರೆಗೆ ನಡೆದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಮಾತ್ರ ನಿಶೆಲ್ ನಿಕೊಲ್ಸ್ ಎಂಬ ಕರಿಯ ನಟಿಯು ಆಕಾಶನೌಕೆಯ ಅಧಿಕಾರಿಣಿಯಾಗಿ ಕುಳಿತಿದ್ದಳು. ಲೋಕವು ಇಲ್ಲವೆಂದ ಪೀಠವನ್ನು ಪರದೆಯು ಉಂಟೆಂದು ತೋರಿಸಿತು. 1992ರಲ್ಲಿ ಜೆಮಿಸನ್ ‘ಎಂಡೆವರ್’ ನೌಕೆಯಲ್ಲಿ ಹಾರಿ, ಬಾಹ್ಯಾಕಾಶವನ್ನು ಮುಟ್ಟಿದ ಮೊದಲ ಕರಿಯ ಮಹಿಳೆಯಾದಳು.

ಇನ್ನು ನಮ್ಮ ಇಂದಿನ ಸಂಜೆಯ ಧಾರಾವಾಹಿಗಳನ್ನು ನೋಡೋಣ. ಅತ್ತೆಯ ಸಂಚು, ಸೊಸೆಯ ಕಣ್ಣೀರು, ಇಲ್ಲವೆ ಎರಡನೆಯ ಮದುವೆ. ನಾಯಿಕೆಯು ವೈದ್ಯೆಯೆಂದು ಮೊದಲ ದಿನ ಹೇಳಿದರೂ ಅವಳು ರೋಗಿಯ ನಾಡಿ ಹಿಡಿದುದನ್ನು ಕಂಡವರು ವಿರಳ. ಮಕ್ಕಳು ಕೆಟ್ಟರೆಂದು ದೂರುವ ಹಿರಿಯರೇ ಇದನ್ನು ತಪ್ಪದೆ ನೋಡುವವರೆಂಬುದು ವಿನೋದದ ಸಂಗತಿ. ಇಂಥ ಕಥೆಗಳನ್ನು ಒಲ್ಲೆವೆಂದು ನಮ್ಮ ಮನೆಗಳಿಂದ ವಾಹಿನಿಗಳಿಗೆ ಎಷ್ಟು ಕಾಗದಗಳು ಹೋಗಿವೆ? ಮಗಳು ಪರದೆಯ ಕಡೆ ಬೆರಳು ತೋರಿಸಿ ‘ನಾನೂ ಹೀಗಾಗುತ್ತೇನೆ’ ಎಂದಾಗ, ಅದಕ್ಕೆ ಯಾವ ಪರೀಕ್ಷೆ, ಎಷ್ಟು ವರ್ಷದ ಓದು ಎಂದು ವಿಚಾರಿಸಿ ತಿಳಿಸಿದ ತಂದೆಗಳು ಎಷ್ಟು ಮಂದಿ?