ತಲುಪಿದ ಮೇಲೆ ಒಂದು ಮೆಸೇಜ್ ಹಾಕು

ಈ ಮಾತನ್ನು ನಾನು ಹೇಳಿದ್ದೇನೆ. ನೀವೂ ಹೇಳಿರುತ್ತೀರಿ. ರಾತ್ರಿ ಹನ್ನೊಂದರ ಹೊತ್ತು, ಬಾರಿನ ಮುಂದೋ ಡಾಬಾದ ಮುಂದೋ ನಿಂತು, ಕೀ ಹುಡುಕಲು ನಾಲ್ಕೂ ಜೇಬು ತಡಕಾಡುತ್ತಿರುವ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಹೇಳುವ ಮಾತು: "ಹುಷಾರು ಕಣೋ. ತಲುಪಿದ ಮೇಲೆ ಒಂದು ಮೆಸೇಜ್ ಹಾಕು."

ಕೇಳುವುದಕ್ಕೆ ಎಷ್ಟು ಅಕ್ಕರೆಯ ಮಾತು. ಸ್ವಲ್ಪ ಬಿಡಿಸಿ ನೋಡಿ. ಇವನು ತಲುಪದೇ ಇರಬಹುದು ಎಂಬುದು ಹೇಳುವವನಿಗೆ ಚೆನ್ನಾಗಿ ಗೊತ್ತಿದೆ. ಗೊತ್ತಿದ್ದೂ ಅವನ ಕೈಯಿಂದ ಕೀ ಕಿತ್ತುಕೊಂಡಿಲ್ಲ. ಕಿತ್ತುಕೊಳ್ಳದ ಅಳುಕು ರಾತ್ರಿಯೆಲ್ಲ ಕಾಡಬಾರದಲ್ಲ, ಅದಕ್ಕೆ ಒಂದು ಮೆಸೇಜು ಬೇಕು. ಇನ್ನೂ ಒಂದಿದೆ. ಆ ಮಾತು ಕುಡಿದವನು ಮನೆ ತಲುಪಿದನೇ ಎಂದಷ್ಟೇ ಕೇಳುತ್ತದೆ. ಅವನ ದಾರಿಗೆ ಅಡ್ಡ ಬಂದವರು ಮನೆ ತಲುಪಿದರೇ ಎಂದು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮಂಡ್ಯದ ಕಡೆ ಒಂದು ಪುಸ್ತಕ ಬಿಡುಗಡೆಯಾಯಿತು. ಕವನ ಸಂಕಲನ. ಕಾರ್ಯಕ್ರಮ ಮುಗಿದ ಮೇಲೆ ನಾವು ನಾಲ್ವರು ಊರಾಚೆಯ ಡಾಬಾ ಒಂದರಲ್ಲಿ ಕೂತೆವು. ಒಳ್ಳೆಯ ಮಾತುಕತೆ, ಒಳ್ಳೆಯ ನಾಟಿಕೋಳಿ ಸಾರು. ಹತ್ತೂವರೆಗೆ ಎದ್ದಾಗ ನಮ್ಮಲ್ಲೊಬ್ಬನಿಗೆ ಇಪ್ಪತ್ತು ಕಿಲೋಮೀಟರು ಹೋಗಬೇಕಿತ್ತು. ಸೆಕೆಂಡ್ ಹ್ಯಾಂಡ್ ಕಾರು, ಕೊಂಡು ಮೂರು ತಿಂಗಳಾಗಿತ್ತು. ನಾನು ಮೇಲಿನ ಮಾತು ಹೇಳಿದೆ. ಹನ್ನೊಂದು ಐವತ್ತಕ್ಕೆ ನನ್ನ ಫೋನಿಗೆ ಹೆಬ್ಬೆರಳಿನ ಚಿತ್ರ ಬಂತು. ನೆಮ್ಮದಿಯಾಗಿ ಮಲಗಿದೆ.

ನಾಲೆಯ ಏರಿ ಮೇಲೆ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದವನಿಗೆ ಆ ಕಾರು ತಾಗಿತ್ತು. ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸ ಅವನದು. ಬೆಳಗಿನ ಜಾವ ಹಾಲಿನ ವ್ಯಾನಿನವರು ನೋಡುವ ತನಕ ಅಲ್ಲೇ ಬಿದ್ದಿದ್ದ. "ಏನೋ ತಾಗ್ದಂಗಾಯ್ತು, ನಾಯಿ ಅಂದ್ಕೊಂಡೆ" ಎಂದ ನನ್ನ ಗೆಳೆಯ. ಪೊಲೀಸರು ಒಡೆದ ದೀಪದ ಚೂರು ಹಿಡಿದು ಅವನ ಮನೆ ಬಾಗಿಲಿಗೆ ಬರುವಾಗ ಮರುದಿನದ ಸಂಜೆ. ಆಗ ಅವನ ಬಾಯಲ್ಲಿ ಬೆಳಗಿನ ಕಾಫಿಯ ವಾಸನೆಯೂ ಉಳಿದಿರಲಿಲ್ಲ.

ಎಫ್‌ಐಆರ್‌ನಲ್ಲಿ ಬರೆದದ್ದು: ಅತಿವೇಗ ಮತ್ತು ಅಜಾಗರೂಕತೆ.

ಆ ಎರಡು ಪದಗಳ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ದೇಶದ ಲೆಕ್ಕವೆಲ್ಲ ಅವುಗಳ ಮೇಲೇ ನಿಂತಿದೆ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಾವುಗಳು ಅತಿವೇಗದ ಖಾತೆಗೆ ಬಿದ್ದಿವೆ. ಕುಡಿತದ ಖಾತೆಯಲ್ಲಿರುವುದು ನೂರಕ್ಕೆ ಎರಡೋ ಮೂರೋ. ಇದನ್ನು ಓದಿ, ಪರವಾಗಿಲ್ಲ, ನಮ್ಮ ಜನ ಕುಡಿದು ಗಾಡಿ ಓಡಿಸುವುದು ಕಡಿಮೆ ಎಂದುಕೊಳ್ಳುವವರು ಯಾವುದಾದರೂ ಶನಿವಾರ ರಾತ್ರಿ ಒಂದು ಬಾರಿನ ಎದುರಿನ ಬೀಡಾ ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲಲಿ. ಪೊಲೀಸ್ ದಾಖಲೆಯಲ್ಲಿ ಕುಡಿತ ಕಾಣೆಯಾಗುತ್ತದೆ ಎಂದು ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಕಾಣೆಯಾಗುವುದು ಕಷ್ಟವೇನಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ನಮ್ಮ ದೇಹ ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂ ಕರಗಿಸುತ್ತದೆ. ರಾತ್ರಿ ಹನ್ನೊಂದಕ್ಕೆ 120 ಇದ್ದವನು ಬೆಳಗ್ಗೆ ಏಳಕ್ಕೆ ಸೊನ್ನೆ. ಗುದ್ದಿದವನು ನಿಲ್ಲದೆ ಮನೆಗೆ ಹೋಗಿ ಮಲಗಿದರೆ ಸಾಕು, ಬೆಳಗಾಗುವಷ್ಟರಲ್ಲಿ ಸಾಕ್ಷಿ ಅವನ ಮೈಯಿಂದಲೇ ಹೊರಟುಹೋಗಿರುತ್ತದೆ. ಅಜಾಗರೂಕತೆಯಿಂದ ಗಾಡಿ ಓಡಿಸಿ ಸಾವಿಗೆ ಕಾರಣನಾಗಿ ಪೊಲೀಸರಿಗೂ ಹೇಳದೆ ಓಡಿಹೋದರೆ ಹತ್ತು ವರ್ಷದ ತನಕ ಜೈಲು ಎಂಬ ಉಪಕಲಮೊಂದು ಹೊಸ ನ್ಯಾಯ ಸಂಹಿತೆಯಲ್ಲಿ ಇತ್ತು. ಲಾರಿ ಚಾಲಕರು ಮುಷ್ಕರ ಹೂಡಿದರು. 2024ರ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಅದೊಂದನ್ನು ತಡೆಹಿಡಿದರು. ನಿಂತರೆ ಜನ ಬಡಿದು ಕೊಲ್ಲುತ್ತಾರೆಂಬ ಚಾಲಕರ ಭಯ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆ ತಡೆಯ ಫಲ ಉಣ್ಣುವವರಲ್ಲಿ ನನ್ನ ಗೆಳೆಯನಂಥವರೂ ಇದ್ದಾರೆ.

ಪತ್ರಿಕೆಯವರು ಬರೆಯುವ ವಾಕ್ಯ ನೋಡಿ. "ಚಾಲಕನ ನಿಯಂತ್ರಣ ತಪ್ಪಿ ಕಾರು ಡಿಕ್ಕಿ." ನಿಯಂತ್ರಣ ತಾನೇ ತಪ್ಪಿತು, ಕಾರು ತಾನೇ ಹೋಗಿ ಗುದ್ದಿತು. ಕರ್ತೃವೇ ಇಲ್ಲದ ವ್ಯಾಕರಣ ಇದು. ಆಮೇಲೆ ಮನೆಯವರು ಸೇರಿಸುತ್ತಾರೆ: ವಿಧಿ, ಹಣೆಬರಹ, ಶನಿಕಾಟ. ಒಬ್ಬ ಮನುಷ್ಯ ಸಂಜೆ ಏಳಕ್ಕೆ, ಒಂದು ತೊಟ್ಟೂ ಒಳಗೆ ಹೋಗಿರದ ಹೊತ್ತಿನಲ್ಲಿ, ಕುಡಿಯುವುದಕ್ಕೆ ಹೋಗುತ್ತಿದ್ದೇನೆಂದು ಗೊತ್ತಿದ್ದೇ ಕಾರಿನ ಕೀ ತೆಗೆದುಕೊಂಡು ಹೊರಡುತ್ತಾನಲ್ಲ, ಅಲ್ಲಿಗೇ ತೀರ್ಮಾನ ಆಗಿಹೋಯಿತು. ಅದು ಪೂರ್ತಿ ಎಚ್ಚರದಲ್ಲಿ ಮಾಡಿದ ತೀರ್ಮಾನ. ಅಮಲಿನಲ್ಲಿ ಆಯ್ತು ಸಾರ್, ಗೊತ್ತಾಗಲಿಲ್ಲ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ನಾವು ಪ್ರಬಂಧ ಬರೆಯುವವರು, ಓದುವವರು. ನಮಗೆ ಪುಣೆಯ ಪ್ರಕರಣ ಬೇರೆಯದೇ ಕಾರಣಕ್ಕೆ ಮರೆಯಬಾರದು. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಶೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಅದೇ ದಿನ ಬಾಲನ್ಯಾಯ ಮಂಡಳಿ ಅವನಿಗೆ ಜಾಮೀನು ಕೊಟ್ಟಿತು. ಷರತ್ತುಗಳಲ್ಲಿ ಒಂದು: ರಸ್ತೆ ಅಪಘಾತಗಳ ಬಗ್ಗೆ ಮುನ್ನೂರು ಪದಗಳ ಪ್ರಬಂಧ ಬರೆಯಬೇಕು. ದೇಶವೆಲ್ಲ ಕೂಗಾಡಿದ ಮೇಲೆ ಆ ಆದೇಶ ಬದಲಾಯಿತು. ಅವನ ರಕ್ತದ ಮಾದರಿಯನ್ನೇ ಆಸ್ಪತ್ರೆಯಲ್ಲಿ ಬದಲಾಯಿಸಿದರೆಂದು ಪೊಲೀಸರು ವೈದ್ಯರನ್ನೂ ಹುಡುಗನ ಹೆತ್ತವರನ್ನೂ ಬಂಧಿಸಿದರು. ಪ್ರಬಂಧವನ್ನು ಆ ಹುಡುಗ ಆಮೇಲೆ ಬರೆದುಕೊಟ್ಟನೆಂದು ವರದಿಯಾಯಿತು. ಅದರಲ್ಲಿ ಏನು ಬರೆದಿದ್ದಾನೋ ಓದಬೇಕೆಂಬ ಆಸೆ ನನಗಿಲ್ಲ. ಶಾಲೆಯಲ್ಲಿ ನಾವೆಲ್ಲ ಬರೆದದ್ದೇ ಇರುತ್ತದೆ: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ.

ಇನ್ನು ನಮ್ಮ ಸಾಹಿತಿಗಳ ಗುಂಪು. ಗುಂಡಿನ ಬಗ್ಗೆ ನಮಗೊಂದು ಮೋಹ ಇದೆ. ಅದಕ್ಕೆ ಮೇಲ್ಪಂಕ್ತಿ ಹುಡುಕುವಾಗ ರಾಜರತ್ನಂ ಅವರ ರತ್ನನನ್ನು ಎಳೆದು ತರುತ್ತೇವೆ. ರಾಜರತ್ನಂ ಸ್ವತಃ ಕುಡಿಯುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ತಮಾಷೆ. ಯಾರೂ ಹೇಳದ ಇನ್ನೊಂದು ಇದೆ. ರತ್ನನ ಕೈಯಲ್ಲಿ ಸ್ಟೇರಿಂಗ್ ಇರಲಿಲ್ಲ. ಅವನ ಕಾಲದ ಕುಡುಕ ಬಿದ್ದರೆ ಚರಂಡಿಗೆ ಬೀಳುತ್ತಿದ್ದ, ತಾನೊಬ್ಬನೇ ಬೀಳುತ್ತಿದ್ದ. ನನ್ನ ಸೋದರಮಾವ ಸಂತೆಯ ದಿನ ಚೆನ್ನಾಗಿ ಏರಿಸಿಕೊಂಡು ಎತ್ತಿನ ಗಾಡಿಯಲ್ಲಿ ಅಡ್ಡಾಗಿಬಿಡುತ್ತಿದ್ದರು. ಎತ್ತುಗಳು ಕೆರೆ ಏರಿ ದಾಟಿ, ಕಬ್ಬಿನ ಗಾಡಿಗಳಿಗೆ ದಾರಿ ಬಿಟ್ಟು, ಕೊಟ್ಟಿಗೆ ಮುಂದೆ ಬಂದು ನಿಲ್ಲುತ್ತಿದ್ದವು. ಊರವರು ಇದನ್ನು ಮಾವನ ಪ್ರತಾಪವೆಂಬಂತೆ ಹೇಳಿ ನಗುತ್ತಿದ್ದರು. ಎತ್ತು ಕುಡಿದಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಎತ್ತಿ ಹೇಳುತ್ತಿರಲಿಲ್ಲ.

"ಎರಡು ಪೆಗ್ ಹಾಕಿದ್ರೆ ನಾನು ಇನ್ನೂ ಚೆನ್ನಾಗಿ ಓಡಿಸ್ತೀನಿ" ಅನ್ನುವವರು ಪ್ರತಿ ಟೇಬಲಿನಲ್ಲೂ ಒಬ್ಬರಿರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಅನ್ನಿಸುತ್ತದೆ. ಆಲ್ಕೋಹಾಲ್ ಮೊದಲು ಕೈಹಾಕುವುದೇ ತನ್ನನ್ನು ತಾನು ಅಳೆದುಕೊಳ್ಳುವ ಶಕ್ತಿಗೆ. ಕೈ ನಡುಗುವುದು, ನಾಲಿಗೆ ತೊದಲುವುದು ಎಲ್ಲ ಆಮೇಲೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಹದಿನಾರೂವರೆ ಮೀಟರಿಗಿಂತ ಹೆಚ್ಚು ಓಡುತ್ತದೆ. ಬ್ರೇಕಿಗೆ ಕಾಲು ಹೋಗುವುದು ಅರ್ಧ ಸೆಕೆಂಡ್ ತಡವಾದರೂ ಎಂಟು ಮೀಟರು. ಸೈಕಲ್ಲಿನವನು ಇದ್ದದ್ದು ಆ ಎಂಟು ಮೀಟರಿನಲ್ಲಿ. ನಿಂಬೆಹಣ್ಣು, ಮಜ್ಜಿಗೆ, ಮುಖಕ್ಕೆ ತಣ್ಣೀರು, ಸ್ಟ್ರಾಂಗ್ ಕಾಫಿ ಇವು ಯಾವುವೂ ರಕ್ತದಲ್ಲಿರುವುದನ್ನು ಬೇಗ ಇಳಿಸುವುದಿಲ್ಲ. ಕಾಫಿ ಕುಡಿದ ಕುಡುಕ ನಿದ್ದೆಗೆಟ್ಟ ಕುಡುಕ, ಅಷ್ಟೆ.

"ಬಿದ್ರೆ ಅವನೇ ಸಾಯ್ತಾನೆ, ಬಿಡಿ" ಎನ್ನುವ ಇನ್ನೊಂದು ವಾದ ಬೈಕಿನವರ ಪರವಾಗಿ ಬರುತ್ತದೆ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಕರ್ನೂಲಿನ ಬಳಿ ಸುಟ್ಟುಹೋಯಿತು. ಅದಕ್ಕೆ ಸ್ವಲ್ಪ ಮೊದಲು ಒಬ್ಬ ಬೈಕಿನಿಂದ ಬಿದ್ದು ಸತ್ತಿದ್ದ. ರಸ್ತೆಯಲ್ಲಿ ಬಿದ್ದಿದ್ದ ಅವನ ಬೈಕು ಬಸ್ಸಿನ ಅಡಿಗೆ ಸಿಕ್ಕಿ ಉಜ್ಜಿಕೊಂಡು ಹೋಗಿ ಬೆಂಕಿ ಹತ್ತಿತು. ಬಸ್ಸಿನಲ್ಲಿದ್ದ 19 ಜನ ಬೆಂದುಹೋದರು. ಬೈಕಿನವನು ಕುಡಿದಿದ್ದನೆಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಅವನೇ ಸತ್ತ, ನಿಜ. ಸತ್ತ ಮೇಲೂ ಅವನ ಕುಡಿತ ರಸ್ತೆಯ ಮೇಲೆ ಬಿದ್ದುಕೊಂಡಿತ್ತು. ಬಸ್ಸುಗಳ ಸುರಕ್ಷತೆಯ ತಪ್ಪೂ ಅದರಲ್ಲಿ ಬೇಕಾದಷ್ಟಿದೆ, ಅದು ಬೇರೆ ಲೇಖನ.

ಇಷ್ಟಕ್ಕೂ ಗುದ್ದಿಸಿಕೊಳ್ಳುವವರು ದಾರಿಹೋಕರು ಮಾತ್ರವಲ್ಲ. ನಮ್ಮ ಕಡೆಯ ಬೀಗರೂಟಕ್ಕೆ ಹೋಗಿ ನೋಡಿ. ಶಾಮಿಯಾನದ ಹಿಂದೆ ಮಾವಿನ ತೋಪಿನಲ್ಲಿ ಗಂಡಸರ ಕಾರ್ಯಕ್ರಮ ಬೇರೆ ನಡೆಯುತ್ತಿರುತ್ತದೆ. ನಾಲ್ಕು ಗಂಟೆಗೆ ಗಂಡ ಬಂದು ಬೈಕ್ ಸ್ಟಾರ್ಟ್ ಮಾಡುತ್ತಾನೆ. ಹೆಂಡತಿ ರೇಷ್ಮೆ ಸೀರೆ ಸಿಕ್ಕಿಸಿಕೊಂಡು, ಮಡಿಲಲ್ಲಿ ಮಗು ಇಟ್ಟುಕೊಂಡು, ದೊಡ್ಡದನ್ನು ಟ್ಯಾಂಕಿನ ಮೇಲೆ ಕೂರಿಸಿ ಹಿಂದೆ ಹತ್ತುತ್ತಾಳೆ. ಅವಳಿಗೆ ಗೊತ್ತು. ನೆಂಟರ ಮುಂದೆ, "ನೀವು ಕುಡಿದಿದ್ದೀರ, ನಾನು ಬರಲ್ಲ" ಎಂದರೆ ಆ ಮಾತಿಗೆ ಮನೆಯಲ್ಲಿ ಏನು ಬೆಲೆ ತೆರಬೇಕು ಎಂಬುದೂ ಗೊತ್ತು.

ಸರ್ಕಾರದ ಕಥೆ ಚಿಕ್ಕದು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೇಳಿತು. ಸಣ್ಣ ಊರುಗಳಿಗೆ ಅದು 220 ಮೀಟರಿಗೆ ಇಳಿಯಿತು. 2017ರ ಜುಲೈ ಹೊತ್ತಿಗೆ ನಗರ, ಪುರಸಭೆಗಳ ಎಲ್ಲೆಯೊಳಗೆ ಅನ್ವಯವಿಲ್ಲ ಎಂದಾಯಿತು. ಅಷ್ಟರಲ್ಲಿ ಹಲವು ರಾಜ್ಯಗಳು ಊರೊಳಗಿನ ಹೆದ್ದಾರಿಗಳನ್ನು ಹೆದ್ದಾರಿಯೇ ಅಲ್ಲ ಎಂದು ಕಡತದಲ್ಲಿ ತಿದ್ದಿಕೊಳ್ಳಲು ಹೊರಟಿದ್ದವು. ರಸ್ತೆ ಅದೇ, ಬಾರು ಅದೇ, ಹೆಸರು ಬೇರೆ. ನಮ್ಮಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಅದೇ ಸರ್ಕಾರದ ಪೊಲೀಸರು ಕುಡಿದು ಹೊರಟವನನ್ನು ಹಿಡಿಯಲು ಎರಡು ಕಿಲೋಮೀಟರ್ ಆಚೆಯ ಸರ್ಕಲ್ಲಿನಲ್ಲಿ ನಿಂತಿರುತ್ತಾರೆ. ಬಾರಿನ ಬಾಗಿಲಲ್ಲೇ ಯಾಕೆ ನಿಲ್ಲಬಾರದು? ನಿಂತರೆ ಬಾರಿಗೆ ಯಾರು ಬರುತ್ತಾರೆ? ದಂಡ ಮೊದಲು 2,000 ಇದ್ದದ್ದು 2019ರ ತಿದ್ದುಪಡಿಯಲ್ಲಿ 10,000ಕ್ಕೆ ಏರಿದೆ. ಟೇಬಲಿನಲ್ಲಿ ಈಗ ಅದರದ್ದೇ ಮಾತು: ಇವತ್ತು ಎಲ್ಲಿ ಹಿಡಿಯುತ್ತಿದ್ದಾರೆ, ಯಾವ ಅಡ್ಡರಸ್ತೆಯಲ್ಲಿ ಹೋದರೆ ತಪ್ಪಿಸಿಕೊಳ್ಳಬಹುದು. ಆ ಅಡ್ಡರಸ್ತೆಯಲ್ಲಿ ದೀಪ ಇರುವುದಿಲ್ಲ.

ಬಸ್ಸಿಲ್ಲ, ಆಟೋದವರು ಮೂರು ಪಟ್ಟು ಕೇಳುತ್ತಾರೆ, ಮತ್ತೇನು ಮಾಡುವುದು ಎನ್ನುತ್ತೀರಿ. ನಮ್ಮ ಊರುಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಬಸ್ಸಿಲ್ಲ, ಅದು ಸರಿ. ಸಾವಿರದೈನೂರು ರೂಪಾಯಿ ಬಿಲ್ಲಿಗೆ ಜಗಳವಾಡದೆ ದುಡ್ಡಿಟ್ಟು, ವೇಟರಿಗೆ ಐವತ್ತು ಟಿಪ್ಸ್ ಕೊಟ್ಟವನು ಇನ್ನೂರು ರೂಪಾಯಿ ಆಟೋಕ್ಕೆ ಯಾಕೆ ಬಡವನಾಗುತ್ತಾನೆ ಎಂಬುದು ಮಾತ್ರ ನನಗೆ ಅರ್ಥವಾಗುವುದಿಲ್ಲ.

ಆಲೆಮನೆಯವನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆವು. ಮೊಣಕಾಲಿನ ಕೆಳಗೆ ರಾಡ್ ಹಾಕಿದ್ದರು. ಊರಿನ ಹಿರಿಯರೊಬ್ಬರು ಮಾತಾಡಿಸಿ ಒಂದು ಮೊತ್ತಕ್ಕೆ ಒಪ್ಪಿಸಿದ್ದರು. ನಾವು ನಾಲ್ವರೂ ಹಾಕಿದೆವು, ನನ್ನ ಪಾಲು ಐದು ಸಾವಿರ. ಲಕೋಟೆ ಕೊಡುವಾಗ ಕಣ್ಣೆತ್ತಿ ನೋಡಲು ಆಗಲಿಲ್ಲ. ಅವನೇ ಮಾತಾಡಿದ. "ನನ್ ಸೈಕಲ್ಲಿಗೆ ಡೈನಮೋ ಕೆಟ್ಟೋಗಿತ್ತು ಸಾ. ನಂದೂ ತಪ್ಪೈತೆ." ನಮ್ಮಲ್ಲಿ ಯಾರೂ, "ಇಲ್ಲ ಕಣಪ್ಪ, ನಿನ್ನದೇನೂ ತಪ್ಪಿಲ್ಲ" ಎನ್ನಲಿಲ್ಲ. ಕೇಸು ಇನ್ನೂ ಇತ್ತಲ್ಲ. ಗೆಳೆಯನ ವಕೀಲರು ಆ ಡೈನಮೋವನ್ನು ಆಮೇಲೆ ಚೆನ್ನಾಗಿ ಬಳಸಿಕೊಂಡರು.

ಅಂದಿನಿಂದ ನಾನು ಮೆಸೇಜ್ ಹಾಕು ಅನ್ನುವುದಿಲ್ಲ. ಕೀ ಕೇಳುತ್ತೇನೆ. ಹೆಚ್ಚಿನವರು ನಗುತ್ತಾರೆ, ಕೆಲವರು ಗಾಂಧೀಜಿ ಎನ್ನುತ್ತಾರೆ. ಹೋದ ತಿಂಗಳು ಒಂದು ಕಥಾಗೋಷ್ಠಿ ಮುಗಿದ ಮೇಲೆ ಹಳೆಯ ಸ್ನೇಹಿತರೊಬ್ಬರು ಸಿಟ್ಟಾದರು. "ಏನ್ರೀ, ನನ್ನ ಕುಡುಕ ಅಂತೀರಾ?" ಎಂದು ಕೀಯನ್ನು ಟೇಬಲಿನ ಮೇಲೆ ಬಿಸಾಕಿ ಆಟೋ ಹತ್ತಿದರು. ಮನೆ ತಲುಪಿದರೋ ಇಲ್ಲವೋ, ಮೆಸೇಜ್ ಬರಲಿಲ್ಲ. ಇವತ್ತಿಗೂ ನನ್ನ ಫೋನ್ ಎತ್ತುತ್ತಿಲ್ಲ. ಬೆಳಗ್ಗೆ ಅವರ ಮಗ ಬಂದು ಕೀ ಇಸಿದುಕೊಂಡ. ಬೈಕು ರಾತ್ರಿಯೆಲ್ಲ ಸಭಾಂಗಣದ ಮುಂದೆಯೇ ನಿಂತಿತ್ತು, ಸೀಟಿನ ಮೇಲೆ ಇಬ್ಬನಿ ಕೂತಿತ್ತು. ಹುಡುಗ ಅಂಗೈಯಲ್ಲಿ ಒರೆಸಿಕೊಂಡು ಹತ್ತಿ ಹೋದ.