ಅರ್ಜಿ ಹಾಕುವವರ ಜೊತೆ ಒಬ್ಬರು ನಿಲ್ಲಲಿ: ಆಕ್ಷೇಪಗಳಿಗೆ ಉತ್ತರ

‘ಕೈಕಾಲು ಛಂದ ಅವ, ಕಣ್ಣು ಕಾಣತಾವ, ಅಂವ ಹ್ಯಾಂಗ ಅಂಗವಿಕಲ ಆತಾನ?’ ನಮ್ಮ ಕಡೆಯ ಕಟ್ಟೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. ಎ.ಡಿ.ಎಚ್.ಡಿ. (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರುವ ವಯಸ್ಕರು ಅಂಗವಿಕಲರ ಪ್ರಮಾಣಪತ್ರಕ್ಕೆ, ಮಾಸಾಶನಕ್ಕೆ ಅರ್ಜಿ ಹಾಕುವಾಗ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಪುನರ್ವಸತಿ ಕಾರ್ಯಕರ್ತರು ಕೊನೆಯವರೆಗೂ ಅವರ ಜೊತೆ ನಿಲ್ಲಬೇಕು ಎನ್ನುವುದು ನನ್ನ ವಾದ. ಅದಕ್ಕೆ ಬರುವ ಎದುರುಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು: ಇದು ರೋಗವಲ್ಲ, ಮೈಗಳ್ಳತನ; ಬೆಂಗಳೂರಿನವರ ಹೊಸ ಶೋಕಿ.

ಮೈಗಳ್ಳನಿಗೆ ತನಗೆ ಇಷ್ಟವಾದದ್ದನ್ನು ಮುಗಿಸಲು ಬರುತ್ತದೆ. ಎ.ಡಿ.ಎಚ್.ಡಿ. ಇರುವವನು ತನ್ನ ಲಾಭದ ಕೆಲಸವನ್ನೂ ಅರ್ಧಕ್ಕೆ ಬಿಡುತ್ತಾನೆ, ಬಿಟ್ಟದ್ದಕ್ಕೆ ರಾತ್ರಿಯೆಲ್ಲ ಹಳಹಳಿಸುತ್ತಾನೆ. ಗಮನ ನಿಲ್ಲದಿರುವುದು, ಹೊತ್ತಿನ ಅಂದಾಜು ತಪ್ಪುವುದು, ಕೊಟ್ಟ ಕಾಗದ ಕಳೆಯುವುದು, ಯೋಚಿಸುವ ಮೊದಲೇ ಮಾತಾಡಿ ಕೂಲಿ ಕಳೆದುಕೊಳ್ಳುವುದು, ಇವು ಎಳೆಯ ವಯಸ್ಸಿನಿಂದಲೇ ಇರಬೇಕು. ಹನ್ನೆರಡು ವರ್ಷದೊಳಗೇ ಲಕ್ಷಣಗಳು ಕಾಣಿಸಿದ್ದವೇ ಎಂದು ನೋಡದೆ ಮನೋವೈದ್ಯರು ಈ ನಿದಾನ ಕೊಡುವುದಿಲ್ಲ. ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 2.5ರಷ್ಟು ಮಂದಿಗೆ ಇದು ಇದೆ ಎನ್ನುವುದು ಸಂಶೋಧಕರ ಅಂದಾಜು. ಅದು ಭೀಮೆ ಕೃಷ್ಣೆಯರ ನಡುವಿನ ಈ ಜಿಲ್ಲೆಯನ್ನು ಮಾತ್ರ ಬಿಟ್ಟು ಹೋಗಲು ಕಾರಣವಿಲ್ಲ. ಇಲ್ಲಿ ಅದು ಕಾಣದಿರುವುದಕ್ಕೆ ಕಾರಣ ಬೇರೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಐದನೆಯ ಇಯತ್ತೆಗೇ ಸಾಲಿ ಬಿಟ್ಟು ಹತ್ತಿ ಬಿಡಿಸಲು ಹೋದ ಹುಡುಗನಿಗೆ ಪಾಠದಲ್ಲಿ ಗಮನ ನಿಲ್ಲುತ್ತಿರಲಿಲ್ಲ ಎನ್ನುವುದನ್ನು ಯಾರು ಗುರುತಿಸಬೇಕಿತ್ತು? ಹುಡುಗಿಯರ ವಿಷಯದಲ್ಲಂತೂ ಮದುವೆಯಾದ ಮೇಲೆ ‘ಮನಿ ಕೆಲಸ ಬರೂದಿಲ್ಲ’ ಎಂಬ ಮಾತಿನಲ್ಲೇ ಎಲ್ಲ ಮುಚ್ಚಿಹೋಗುತ್ತದೆ.

ಎರಡನೆಯದು ತೂಕದ ಮಾತು: ಕಾನೂನಿನ ಪಟ್ಟಿಯಲ್ಲೇ ಎ.ಡಿ.ಎಚ್.ಡಿ. ಇಲ್ಲ, ಹಾಗಾದರೆ ಅರ್ಜಿ ಯಾಕೆ?

ಪಟ್ಟಿಯಲ್ಲಿ ಆ ಹೆಸರು ಇಲ್ಲ ಎನ್ನುವುದು ನಿಜ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಮಾನಸಿಕ ಅಸ್ವಸ್ಥತೆ ಇದೆ, ಎ.ಡಿ.ಎಚ್.ಡಿ. ಇಲ್ಲ. ಕೇಂದ್ರ ಸರ್ಕಾರ ಅದನ್ನು ಸೇರಿಸಬೇಕು. ಪಟ್ಟಿ ಹಿಂದೆಯೂ ಬೆಳೆದಿದೆ: 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆ. ಹೊಸದನ್ನು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರ ಈಗಿನ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಆದರೆ ಅಲ್ಲಿಯವರೆಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಕಲಿಕಾ ನ್ಯೂನತೆಯೂ ಖಿನ್ನತೆಯೂ ಎ.ಡಿ.ಎಚ್.ಡಿ. ಜೊತೆಗೇ ಬರುವುದು ಬಹಳ. ಮಾನಸಿಕ ಅಸ್ವಸ್ಥತೆಯನ್ನು ವಿವರಿಸುವಾಗ ಕಾಯ್ದೆ, ಬದುಕಿನ ಸಾಮಾನ್ಯ ಅಗತ್ಯಗಳನ್ನು ನಿಭಾಯಿಸುವ ಶಕ್ತಿ ತೀವ್ರವಾಗಿ ಕುಂದುವುದನ್ನೂ ಹೇಳುತ್ತದೆ. ಅದರ ಪ್ರಮಾಣ ಅಳೆಯುವ ‘ಐಡಿಯಾಸ್’ ಮಾಪನ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು-ತಿಳಿವಳಿಕೆ, ದುಡಿಮೆ ಎಂಬ ನಾಲ್ಕನ್ನು ನೋಡುತ್ತದೆ. ತೊಂದರೆ ಎಷ್ಟು ಕಾಲದಿಂದ ಇದೆ ಎನ್ನುವುದಕ್ಕೂ ಅಂಕವಿದೆ.

ಎ.ಡಿ.ಎಚ್.ಡಿ. ಇರುವ ಎಲ್ಲರಿಗೂ ಸವಲತ್ತಿಗೆ ಬೇಕಾದ ಶೇ. 40ರ ಅಂಗವೈಕಲ್ಯ ಪ್ರಮಾಣ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಹಲವರಿಗೆ ಬರಲಾರದು. ವೈದ್ಯಕೀಯ ಮಂಡಳಿ ಇಲ್ಲ ಎನ್ನಬಹುದು. ಆದರೆ ಆ ಇಲ್ಲ ಎನ್ನುವುದನ್ನು ಕಾರಣಸಹಿತ ಬರೆದುಕೊಡಬೇಕು, ಅದರ ಮೇಲೆ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಮಂಡಳಿ ಮಾಡಬೇಕಾದ ತೀರ್ಮಾನವನ್ನು ಕಿಟಕಿಯಲ್ಲಿ ಕೂತವರು ಬಾಯಿಮಾತಿನಲ್ಲಿ ಮಾಡಿ ಕಳಿಸಬಾರದು. ಶೇ. 40 ಇಲ್ಲದವರಿಗೆ ಹಕ್ಕೇ ಇಲ್ಲ ಎನ್ನುವುದೂ ತಪ್ಪು. ಕೈಬರಹದ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಯು.ಪಿ.ಎಸ್.ಸಿ. ಬರಹಗಾರರನ್ನು ನಿರಾಕರಿಸಿದಾಗ, ಅಂಥ ಅನುಕೂಲ ಶೇ. 40 ದಾಟಿದವರಿಗೆ ಮಾತ್ರ ಸೀಮಿತವಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ನೋಯಿಸುವುದು: ಅರ್ಜಿ ತುಂಬುವಷ್ಟು ಬುದ್ಧಿ ಇದ್ದವನು ಅಂಗವಿಕಲ ಅಲ್ಲ, ತುಂಬಲಾಗದಿದ್ದರೆ ಅವನಿಗೆ ಬೇಕಾಗಿಯೇ ಇಲ್ಲ.

ಅರ್ಜಿಯ ದಾರಿಯನ್ನು ಒಮ್ಮೆ ನೋಡಿ. ಆಧಾರ್ ಕಾರ್ಡು, ಫೋಟೊ, ಮೊಬೈಲ್ ನಂಬರು ಹಿಡಿದು ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಕೂಲಿಗೆಂದು ಊರೂರು ಅಲೆಯುವವನ ಸಿಮ್ ಬದಲಾಗಿರುತ್ತದೆ, ಓಟಿಪಿ ಹಳೆಯ ನಂಬರಿಗೆ ಹೋಗುತ್ತದೆ. ಆಮೇಲೆ ತಪಾಸಣೆಯ ದಿನಕ್ಕೆ ಕಾಯಬೇಕು. ಸುರಪುರದ ಕಡೆಯವನು ಶಹಾಪುರದ ಮೇಲೆ ಐವತ್ತು ಕಿ.ಮೀ.ಗೂ ಹೆಚ್ಚು ಬಸ್ಸಿನಲ್ಲಿ ಬಂದು ಯಾದಗಿರಿಯ ಜಿಲ್ಲಾ ಆಸ್ಪತ್ರೆ ಮುಟ್ಟಬೇಕು, ಒಂದು ದಿನದ ಕೂಲಿ ಬಿಡಬೇಕು. ಇನ್ನೊಂದು ಪರೀಕ್ಷೆ ಬರೆದುಕೊಟ್ಟರೆ ಮತ್ತೊಂದು ದಿನ. ಅಂಗವಿಕಲರ ಕಾರ್ಡು ಬಂದ ಮೇಲೆ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ, ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು. ದಿನಾಂಕ ನೆನಪಿಡುವುದು, ಕಾಗದ ಜೋಪಾನ ಮಾಡುವುದು, ಸರದಿಯಲ್ಲಿ ಗಂಟೆಗಟ್ಟಲೆ ಕೂರುವುದು, ಹಿಡಿದದ್ದನ್ನು ತಿಂಗಳುಗಟ್ಟಲೆ ಬಿಡದೆ ನಡೆಸುವುದು: ಈ ತೊಂದರೆ ಇರುವವನಿಗೆ ಆಗದಿರುವುದೆಲ್ಲ ಇಲ್ಲಿ ಸಾಲಾಗಿ ನಿಂತಿದೆ. ಕಾಲಿಲ್ಲದವರಿಗೆ ಮೂರನೆಯ ಮಹಡಿಯಲ್ಲಿ ಅರ್ಜಿ ಕೊಡಿ ಎಂದರೆ ನಾವೆಲ್ಲ ಸಿಟ್ಟಾಗುತ್ತೇವೆ. ಇದೂ ಅದೇ ಅನ್ಯಾಯ.

ಅವನು ಗೊತ್ತುಮಾಡಿದ ದಿನ ಬರದಿದ್ದರೆ ಕಡತದಲ್ಲಿ ‘ಗೈರುಹಾಜರು’ ಎಂದಾಗುತ್ತದೆ. ಆ ಗೈರುಹಾಜರಿಯೇ ಅವನ ಲಕ್ಷಣ ಎನ್ನುವುದನ್ನು ಯಾರೂ ಬರೆಯುವುದಿಲ್ಲ. ಮೇಲಾಗಿ ಅಂಗವಿಕಲರ ಹಕ್ಕುಗಳ 2024ರ ತಿದ್ದುಪಡಿ ನಿಯಮಗಳ ಪ್ರಕಾರ ಎರಡು ವರ್ಷ ದಾಟಿಯೂ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯವಾಗುತ್ತದೆ. ನೆರವಿಲ್ಲದ ವಯಸ್ಕನ ಅರ್ಜಿ ಸಾಯುವುದು ಹೀಗೆ, ವೈದ್ಯರು ಅವನನ್ನು ಒಮ್ಮೆಯೂ ನೋಡದೆ.

ನೆರವು ಎಂದರೆ ಹೊಸ ಇಲಾಖೆ ತೆರೆಯುವುದಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು., ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯು., ಪಟ್ಟಣದಲ್ಲಿ ಯು.ಆರ್.ಡಬ್ಲ್ಯು. ಎಂದು ಜನ ಕರೆಯುವ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರೂ ಅಂಗವಿಕಲರೇ. ತಪಾಸಣೆಯ ಹಿಂದಿನ ದಿನ ಒಂದು ಫೋನು, ಅಂದು ಬೆಳಿಗ್ಗೆ ಇನ್ನೊಂದು ಫೋನು, ಬೇಕಾದರೆ ಜೊತೆಗೆ ಬರುವುದು, ಕಾಗದಗಳ ಒಂದು ಪ್ರತಿ ತಮ್ಮ ಬಳಿ ಇಟ್ಟುಕೊಳ್ಳುವುದು. ಬಾಲ್ಯದ ಪುರಾವೆಗೆ ಸಾಲಿಯ ದಾಖಲಾತಿ, ಹಾಜರಿ, ಟಿ.ಸಿ. ತೆಗೆಸುವುದು, ಅವ್ವನನ್ನೋ ಅಕ್ಕನನ್ನೋ ವೈದ್ಯರ ಮುಂದೆ ಕೂರಿಸಿ ಹೇಳಿಸುವುದು. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕೆಂದಿದೆ. ಆ ದಿನಕ್ಕೆ ಶಹಾಪುರ, ಸುರಪುರದಲ್ಲೇ ಮೊದಲ ತಪಾಸಣೆಗೆ ಸಮಯ ಗೊತ್ತುಮಾಡಿಸಿದರೆ ಒಂದು ಬಸ್ಸಿನ ದಾರಿ ಉಳಿಯುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಬಳ್ಳಾರಿ ಪ್ರಯೋಗ. ನಮ್ಮದೇ ಸೀಮೆಯಲ್ಲಿ ಹುಟ್ಟಿದ ಕೆಲಸ ನಮ್ಮ ಹಳ್ಳಿಗೆ ಮುಟ್ಟಲಿ ಎಂದು ಕೇಳುವುದು ಹೆಚ್ಚಿನದೇನಲ್ಲ.

ನಾಲ್ಕನೆಯದನ್ನು ಹೇಳುವವರು ನಮ್ಮವರೇ, ಅಂಗವಿಕಲರ ಸಂಘಗಳ ಹಿರಿಯರು: ನಿಜವಾದ ಅಂಗವಿಕಲರ ಪಾಲಿಗೆ ಇವರು ಕೈಹಾಕುತ್ತಾರೆ.

ಅವರ ಆತಂಕವನ್ನು ಹಗುರಾಗಿ ಕಾಣಲಾರೆ. ಒಂದೊಂದು ಸವಲತ್ತಿಗೂ ಅವರು ದಶಕಗಳ ಕಾಲ ಬೀದಿಗಿಳಿದಿದ್ದಾರೆ. ಆದರೆ ಮಾಸಾಶನ ಇಂತಿಷ್ಟೇ ಜನರಿಗೆಂದು ಹಂಚಿಟ್ಟದ್ದಲ್ಲ. ಪ್ರಮಾಣ, ಆದಾಯ ನೋಡಿ ಕೊಡುವಂಥದ್ದು. ಕಾಯ್ದೆ ಹೇಳುವ ಶೇ. 4ರ ಉದ್ಯೋಗ ಮೀಸಲಾತಿಯಲ್ಲೂ ಅಂಧರಿಗೆ, ಕಿವುಡರಿಗೆ, ಚಲನ ವೈಕಲ್ಯದವರಿಗೆ ತಲಾ ಶೇ. 1 ಪ್ರತ್ಯೇಕ. ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಇರುವವರು ಬರುವುದು ಉಳಿದ ಶೇ. 1ರಲ್ಲಿ.

ಐದನೆಯದು: ನೆರವು ಕೊಟ್ಟರೆ ಸುಳ್ಳು ಸರ್ಟಿಫಿಕೇಟು ಹೆಚ್ಚುತ್ತವೆ. ಸುಳ್ಳು ಹೇಳಿ ಸವಲತ್ತು ಪಡೆದರೆ ಅದೇ ಕಾಯ್ದೆಯ 91ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸುಳ್ಳು ಕಾಗದ ಮಾಡಿಸುವ ದಲ್ಲಾಳಿ ಬೆಳೆಯುವುದು ಸರ್ಕಾರದ ಮನುಷ್ಯ ಸಿಗದ ಕಡೆ. ಪಂಚಾಯಿತಿಯ ಕಾರ್ಯಕರ್ತೆ ಪುಕ್ಕಟೆ ಮಾಡಿಕೊಟ್ಟರೆ ಅವನಿಗೆ ದುಡ್ಡು ಕೊಡುವವರು ಯಾರು?

ಕೊನೆಯದಾಗಿ, ಎಂಟುನೂರು ರೂಪಾಯಿಗೆ ಇಷ್ಟೆಲ್ಲ ಯಾಕೆ ಎನ್ನುತ್ತಾರೆ. ಶೇ. 40ರಿಂದ 75ರ ನಡುವಿನವರ ಮಾಸಾಶನ 800 ರೂಪಾಯಿ, ಅದು ಸಾಲದು, ಹೆಚ್ಚಿಸಬೇಕು. ಆದರೂ ತಿಂಗಳು ತಿಂಗಳು ಖಚಿತವಾಗಿ ಬರುವ ಹಣ, ಖಚಿತವಾಗಿ ದುಡಿಯಲಾಗದವನ ಮನೆಯಲ್ಲಿ ಕಿರಾಣಿ ಸಾಲ ತೀರಿಸುತ್ತದೆ. ಬಸ್ ಪಾಸಿಗೆ, ವಸತಿ ಮತ್ತು ಬಡತನ ನಿವಾರಣೆ ಯೋಜನೆಗಳ ಶೇ. 5ರ ಮೀಸಲಿಗೆ ಆ ಪ್ರಮಾಣಪತ್ರವೇ ಬೇಕು. ಅಂಗವಿಕಲರಿಗೆ 1987ರ ಕಾಯ್ದೆಯಡಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರೂ ಸಿಗುತ್ತಾರೆ. ತಿರಸ್ಕಾರವಾದರೆ ಮೇಲ್ಮನವಿ ಬರೆಸಲು ಅಲ್ಲಿಯೂ ಕೇಳಿ ನೋಡಬೇಕು. ಯಾರ ಹತ್ತಿರ ಹೋಗಬೇಕೆಂದೇ ತೋಚದವರು 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ದುಡ್ಡು ಬೀಳುವುದಿಲ್ಲ. ಕಾರ್ಯಕರ್ತರಿಗೆ ಈಗಾಗಲೇ ಕೈತುಂಬ ಕೆಲಸ, ಸಿಗುವುದು ಬರೀ ಗೌರವಧನ ಎನ್ನುವವರ ಮಾತು ಮಾತ್ರ ಪೂರ್ತಿ ನಿಜ. ಅವರ ಗೌರವಧನ ಏರಿಸಿ, ಓಡಾಟದ ಖರ್ಚು ಕೊಟ್ಟು, ಎ.ಡಿ.ಎಚ್.ಡಿ. ಗುರುತಿಸುವ ತರಬೇತಿಯನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದಲೇ ಕೊಡಿಸುವುದು ಇಲಾಖೆಯ ಹೊಣೆ.