ಬೇಸಿಗೆ ರಜೆ ಮತ್ತು ಊರ ಬಾವಿ

ತೊಗರಿ ರಾಶಿಯಾಗಿ, ಜೋಳದ ಕಣವೂ ಮುಗಿದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಬಾವಿಯ ನೀರು ಎಷ್ಟು ಇಳಿಯಿತು ಎಂಬುದೊಂದು. ರಜೆಗೆ ಬಂದ ಕಾಲೇಜು ಹುಡುಗನನ್ನು ಯಾವ ದುಡಿಮೆಗೆ ಹಚ್ಚಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಕೂಡಿಸಿ ಯೋಚಿಸಬೇಕೆಂದು ನಮ್ಮ ಸಲಹೆ.

ಬಿ.ಎಸ್ಸಿ. ಓದುವ ಮಕ್ಕಳು ಬೇಸಿಗೆಯ ಎರಡು ತಿಂಗಳು ವಿಜ್ಞಾನಿಗಳ ಕೈಕೆಳಗೆ ಸಂಶೋಧನೆ ಕಲಿಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗರಾಜದ ಅಕಾಡೆಮಿಗಳೊಡನೆ ಸೇರಿ ಇಂಥ ಯೋಜನೆಯನ್ನು ಹಲವು ವರ್ಷಗಳಿಂದ ನಡೆಸುತ್ತ ಬಂದಿದೆ. ಆಯ್ಕೆಯಾದವರಿಗೆ ಶಿಷ್ಯವೇತನವೂ ರೈಲು ಖರ್ಚೂ ದೊರೆಯುತ್ತವೆ. ಅರ್ಜಿಯನ್ನು ಮಾತ್ರ ಹಿಂದಿನ ವರ್ಷದ ಕೊನೆಗೆ, ತೊಗರಿ ಹೂವಾಡುವ ಹೊತ್ತಿಗೇ ವಿಚಾರಿಸಬೇಕು. ಮಾರ್ಚಿನಲ್ಲಿ ಎಚ್ಚೆತ್ತರೆ ಹದ ತಪ್ಪಿದ ಮೇಲೆ ಬಿತ್ತಿದಂತೆ.

ಆಯ್ಕೆಯಾಗದವರು ಸುಮ್ಮನೆ ಕೂಡಬೇಕಿಲ್ಲ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಕಲಬುರಗಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ತಮ್ಮ ಅಧ್ಯಾಪಕರ ಪತ್ರ ಹಿಡಿದು ಹೋಗಿ ಮಾರ್ಗದರ್ಶನ ಕೇಳಲಿ.

ಕೆಲಸವಂತೂ ಊರಲ್ಲೇ ಇದೆ. ಭೀಮಾ ದಂಡೆಯ ಹತ್ತು ಬಾವಿ, ದಂಡೆಯಿಂದ ದೂರದ ಹತ್ತು ಬಾವಿ ಆರಿಸಿ ವಾರಕ್ಕೊಮ್ಮೆ ನೀರಿನ ಆಳ ಅಳೆಯಲಿ. ಶುಚಿಯಾದ ಶೀಸೆಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಲಿ. ಸರ್ವೆ ನಂಬರು, ದಿನಾಂಕ ಬರೆದು ತಡಮಾಡದೆ ಪ್ರಯೋಗಾಲಯಕ್ಕೆ ಒಯ್ಯಲಿ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಎಳೆಗೂಸುಗಳಿಗೆ ಅಪಾಯ. ಅತಿಯಾದ ಯೂರಿಯಾದಿಂದಲೂ ಬಾವಿ ಪಕ್ಕದ ತಿಪ್ಪೆಯಿಂದಲೂ ಅದು ನೀರಿಗಿಳಿಯುತ್ತದೆ. ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು; ಪರೀಕ್ಷೆಯೊಂದೇ ದಾರಿ.

ರೈತರ ದೂರೂ ನ್ಯಾಯವಾದದ್ದೇ. ಹುಡುಗರು ಬರುತ್ತಾರೆ, ಮಣ್ಣು ನೀರು ಒಯ್ಯುತ್ತಾರೆ, ಫಲಿತಾಂಶ ಹೇಳುವುದಿಲ್ಲ ಎನ್ನುತ್ತಾರೆ. ನಾನೇ ಮುಂದೆ ನಿಂತು ಮಾದರಿ ಕೊಡಿಸಿದ ಊರೊಂದಕ್ಕೆ ಇಂದಿಗೂ ಉತ್ತರ ಬಂದಿಲ್ಲ. ಅಲ್ಲಿಗೆ ಹೋದಾಗಲೆಲ್ಲ ತಲೆ ತಗ್ಗಿಸಬೇಕಾಗುತ್ತದೆ. ಆದ್ದರಿಂದ ಬಾವಿಗೆ ಹಗ್ಗ ಇಳಿಸುವ ಮೊದಲೇ ಒಂದು ಕರಾರು ಮಾಡಿಕೊಳ್ಳಿರಿ: ಮುಂಗಾರು ಬಿತ್ತನೆಗೆ ಮುನ್ನ ಒಂದು ಪುಟದ ಕನ್ನಡ ವರದಿ ಊರ ವಾಚನಾಲಯದ ಗೋಡೆಗೆ ಬರಬೇಕು.

ಎರಡು ತಿಂಗಳ ಕೂಲಿ ಹೋಯಿತೆಂದು ಕೆಲವು ತಂದೆತಾಯಿಗಳಿಗೆ ಅನ್ನಿಸೀತು. ಅದು ಸುಳ್ಳಲ್ಲ. ಆದರೆ ಲೆಕ್ಕವಿಲ್ಲದೆ ಕೊರೆಸಿದ ಒಂದು ಕೊಳವೆಬಾವಿ ಬತ್ತಿದರೆ ಹೋಗುವ ಹಣ ಅದಕ್ಕಿಂತ ಎಷ್ಟೋ ಹೆಚ್ಚು. ಮಗನಿರಲಿ ಮಗಳಿರಲಿ, ಈ ಬೇಸಿಗೆಯಲ್ಲಿ ಅಳತೆಪಟ್ಟಿ ಹಿಡಿದು ಬಾವಿಗೆ ಹೊರಟರೆ ತಡೆಯಬೇಡಿರಿ; ದಾರಿ ತೋರಿಸಿರಿ.